ಡ್ರಾಫ್ಟ್‌ಗೆ ಮೊದಲು ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವ 12 ಸೂತ್ರಗಳು

1998ರ ಏಪ್ರಿಲ್. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ್ದು, ಎರಡನೆಯದು ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ್ದು. ಎಲ್ಲರ ಬಾಯಲ್ಲೂ ಇಬ್ಬರೇ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು: ಟೆನೆಸ್ಸಿ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗ್, ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್. ತೋಳಿನ ಬಲದಲ್ಲಿ ಲೀಫ್ ಒಂದು ಕೈ ಮೇಲೆ ಎನ್ನುವವರು ಆಗ ಬೇಕಾದಷ್ಟು ಮಂದಿ ಇದ್ದರು. ಕೋಲ್ಟ್ಸ್ ಮ್ಯಾನಿಂಗ್ ಅವರನ್ನು ಆರಿಸಿತು. ಮುಂದೆ ಅವರು ಐದು ಸಲ ಲೀಗ್‌ನ ಎಂವಿಪಿ ಆದರು, ಎರಡು ಸೂಪರ್ ಬೌಲ್ ಗೆದ್ದರು. ಚಾರ್ಜರ್ಸ್‌ಗೆ ಹೋದ ಲೀಫ್ ಐದು ವರ್ಷ ತುಂಬುವ ಮೊದಲೇ ಆಟದಿಂದ ಹೊರಗಿದ್ದರು. ಆಯ್ಕೆಪಟ್ಟಿಯಲ್ಲಿ ಇಬ್ಬರ ನಡುವಿನ ಅಂತರ ಒಂದೇ ಒಂದು ಸ್ಥಾನ.

ಇಂಥ ತೀರ್ಮಾನ ತೆಗೆದುಕೊಳ್ಳುವ ಕೋಣೆಯಲ್ಲಿ ಒಂದು ದಿನ ನೀವೂ ಕೂರಬಹುದು. ಅಮೆರಿಕದಲ್ಲಿ ಎಂಎಸ್ ಮಾಡುತ್ತಾ ಸ್ಪೋರ್ಟ್ಸ್ ಅನಲಿಟಿಕ್ಸ್ ಕೆಲಸದ ಮೇಲೆ ಕಣ್ಣಿಟ್ಟಿದ್ದೀರಾ? ಬೆಂಗಳೂರಿನ ಆಫೀಸಿನಲ್ಲಿ ಡೇಟಾ ಕೆಲಸ ಮಾಡುತ್ತಾ ರಾತ್ರಿ ಎನ್‌ಎಫ್‌ಎಲ್ ನೋಡುತ್ತೀರಾ? ಲೀಗ್ ಪ್ರತಿವರ್ಷ ಕ್ಯಾಗಲ್‌ನಲ್ಲಿ ‘ಬಿಗ್ ಡೇಟಾ ಬೌಲ್’ ಎಂಬ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಮಿಂಚಿದ ಹಲವರನ್ನು ತಂಡಗಳು ಕರೆದು ಕೆಲಸ ಕೊಟ್ಟಿವೆ. ‘ನಾನು ಆ ಆಟ ಆಡಿಯೇ ಇಲ್ಲ, ನನಗೇನು ತಿಳಿಯುತ್ತದೆ’ ಎಂಬ ಅಳುಕು ನಿಮಗಿದ್ದರೆ ಅದು ಬರೀ ಅಭ್ಯಾಸ. ಅಭ್ಯಾಸವನ್ನು ಬಿಡಿಸಿಕೊಳ್ಳಬಹುದು. ಬನ್ನಿ, ಕೆಲಸಕ್ಕೆ ಇಳಿಯೋಣ.

1. ಹುದ್ದೆ ಯಾವುದೆಂದು ಮೊದಲು ತಿಳಿಯಿರಿ

ಕ್ವಾರ್ಟರ್‌ಬ್ಯಾಕ್‌ನ ಮುಖ್ಯ ಕೆಲಸ ತೀರ್ಮಾನ ಮಾಡುವುದು. ಎಸೆತ ಆಮೇಲಿನ ಮಾತು. ಸ್ನ್ಯಾಪ್ ಆಗಿ ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಅಷ್ಟರೊಳಗೆ ಎದುರಾಳಿ ಯಾವ ಕವರೇಜ್ ಆಡುತ್ತಿದೆ ಎಂದು ಓದಬೇಕು, ಮೊದಲ ರಿಸೀವರ್ ಸಿಗದಿದ್ದರೆ ಎರಡನೆಯವನತ್ತ ಕಣ್ಣು ಹಾಯಿಸಬೇಕು, ಮೈಮೇಲೆ ಬೀಳಲು ಬರುವ ನೂರಿಪ್ಪತ್ತು ಕಿಲೋ ಆಳಿನಿಂದ ಅರ್ಧ ಹೆಜ್ಜೆ ಸರಿಯಬೇಕು. ನಿಮ್ಮ ನೋಟ್ಸ್‌ನ ಮೊದಲ ಕಾಲಂಗೆ ‘ತೀರ್ಮಾನ’ ಎಂದು ಹೆಸರಿಡಿ. ‘ತೋಳು’ ನಾಲ್ಕನೆಯದಿರಲಿ. ಬಲವಾದ ತೋಳು ತಡವಾದ ತೀರ್ಮಾನವನ್ನು ಕಾಲೇಜಿನಲ್ಲಿ ಮುಚ್ಚಿಹಾಕುತ್ತದೆ, ಎನ್‌ಎಫ್‌ಎಲ್‌ನಲ್ಲಿ ಮುಚ್ಚಿಹಾಕುವುದಿಲ್ಲ.

2. ಎರಡು ಆಟಗಳ ನಿಯಮಪುಸ್ತಕ ಪಕ್ಕಪಕ್ಕ ಇಟ್ಟು ಓದಿ

ಕಾಲೇಜ್ ಫುಟ್‌ಬಾಲ್ ಮತ್ತು ಎನ್‌ಎಫ್‌ಎಲ್ ಒಂದೇ ಆಟ ಎಂದುಕೊಂಡವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಮೂರು ವ್ಯತ್ಯಾಸ ಬಾಯಿಪಾಠ ಮಾಡಿ.

ಒಂದು, ಹ್ಯಾಶ್ ಮಾರ್ಕ್. ಪ್ರತಿ ಪ್ಲೇ ಎಲ್ಲಿಂದ ಶುರುವಾಗಬೇಕೆಂದು ತೀರ್ಮಾನಿಸುವ ಈ ಗೆರೆಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಆಟ ಮೈದಾನದ ಒಂದು ಪಕ್ಕಕ್ಕೆ ವಾಲಿರುತ್ತದೆ; ಇನ್ನೊಂದು ಪಕ್ಕ ಬಯಲಿನಷ್ಟು ಖಾಲಿ. ಆ ಖಾಲಿ ಜಾಗಕ್ಕೆ ಎಸೆದು ಗಳಿಸಿದ ಗಜಗಳು ವೃತ್ತಿಪರ ಆಟದಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಎರಡು, ಲೈನ್‌ಮನ್‌ಗಳ ಮಿತಿ. ಪಾಸ್ ಎಸೆಯುವ ಮೊದಲು ಆಫೆನ್ಸಿವ್ ಲೈನ್‌ಮನ್ ಕಾಲೇಜಿನಲ್ಲಿ ಮೂರು ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಓಟವೋ ಪಾಸೋ ಎಂದು ಕೊನೇ ಗಳಿಗೆಯಲ್ಲಿ ನಿರ್ಧರಿಸುವ ಆರ್‌ಪಿಒ ಪ್ಲೇಗಳು ಕಾಲೇಜಿನಲ್ಲಿ ಅಷ್ಟೊಂದು ಫಲ ಕೊಡಲು ಈ ಎರಡು ಗಜದ ಸಡಿಲಿಕೆಯೇ ದೊಡ್ಡ ಕಾರಣ. ಒಬ್ಬನ ಪಾಸ್‌ಗಳಲ್ಲಿ ಎಷ್ಟು ಪಾಲು ಆರ್‌ಪಿಒದಿಂದ ಬಂದಿದೆ ಎಂದು ಎಣಿಸದೆ ಮುಂದೆ ಹೋಗಬೇಡಿ.

ಮೂರು, ಪಾದ. ಕಾಲೇಜಿನಲ್ಲಿ ಒಂದು ಪಾದ ಗೆರೆಯೊಳಗೆ ಇದ್ದರೆ ಕ್ಯಾಚ್, ಎನ್‌ಎಫ್‌ಎಲ್‌ನಲ್ಲಿ ಎರಡೂ ಇರಬೇಕು. ಸೈಡ್‌ಲೈನ್ ಎಸೆತಗಳಿಗೆ ಅಂಕ ಕೊಡುವಾಗ ಇದು ನೆನಪಿರಲಿ.

3. ಅಂಕಿಗಳ ಸಿಪ್ಪೆ ಸುಲಿಯಿರಿ

ಕಂಪ್ಲೀಷನ್ ಶೇಕಡಾವಾರು ನೋಡಿ ಯಾರಿಗೂ ಗ್ರೇಡ್ ಕೊಡಬೇಡಿ. ಸ್ಕ್ರಿಮೇಜ್ ಗೆರೆಯ ಹಿಂದೆಯೇ ಕೊಡುವ ಸ್ಕ್ರೀನ್ ಪಾಸ್‌ಗಳನ್ನು ಬದಿಗಿಡಿ. ಪ್ಲೇ-ಆ್ಯಕ್ಷನ್ ಬೇರೆ ಮಾಡಿ. ಚೆಂಡು ಗಾಳಿಯಲ್ಲಿ ಹೋದ ದೂರವನ್ನೂ ರಿಸೀವರ್ ಹಿಡಿದ ಮೇಲೆ ಓಡಿದ ದೂರವನ್ನೂ ಬಿಡಿಸಿ ಬರೆಯಿರಿ. ಉಳಿದದ್ದು ಕ್ವಾರ್ಟರ್‌ಬ್ಯಾಕ್‌ನ ಸ್ವಂತ ಗಳಿಕೆ.

ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ‘ಏರ್ ರೇಡ್’ ಪದ್ಧತಿಯ ಅಂಕಿಗಳನ್ನು ಸ್ಕೌಟ್‌ಗಳು ಬಹಳ ಕಾಲ ಅನುಮಾನದಿಂದಲೇ ನೋಡಿದರು. ಚಿನ್ನಸ್ವಾಮಿ ಮೈದಾನದಲ್ಲಿ ಹೊಡೆದ ಸಿಕ್ಸರ್‌ಗಳನ್ನು ಲೆಕ್ಕ ಹಾಕುವಾಗ ನಾವು ಬೌಂಡರಿಯ ಅಳತೆ ಕೇಳುತ್ತೇವಲ್ಲ, ಹಾಗೆ. ಅನುಮಾನಕ್ಕೆ ಕಾರಣವೂ ಇತ್ತು. 2016ರ ಅಕ್ಟೋಬರ್‌ನಲ್ಲಿ ಒಕ್ಲಹೋಮಾ ವಿರುದ್ಧ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಒಂದೇ ಪಂದ್ಯದಲ್ಲಿ 734 ಗಜ ಪಾಸ್ ಮಾಡಿದರು; ಆದರೂ ತಂಡ 66-59ರಿಂದ ಸೋತಿತು. ಆ ಸೀಸನ್‌ನಲ್ಲಿ ಅವರದು 5,052 ಗಜ, 41 ಟಚ್‌ಡೌನ್ ಪಾಸ್. ತಂಡದ್ದು ಐದು ಗೆಲುವು, ಏಳು ಸೋಲು. ‘ಪದ್ಧತಿಯ ಕೂಸು’ ಎಂದು ಪಟ್ಟಿಯಲ್ಲಿ ಕೆಳಗೆ ತಳ್ಳಿದವರು ಮುಂದೆ ಕೈಕೈ ಹಿಸುಕಿಕೊಳ್ಳಬೇಕಾಯಿತು, ಏಕೆಂದರೆ ಆತನ ಹೆಸರು ಪ್ಯಾಟ್ರಿಕ್ ಮಹೋಮ್ಸ್. ಪದ್ಧತಿ ಉಬ್ಬಿಸಿದ ಅಂಕಿಯ ಅಡಿಯಲ್ಲಿ ನಿಜವಾದ ಪ್ರತಿಭೆಯೂ ಇರಬಹುದು. ಅಂಕಿಯನ್ನು ಕಿತ್ತೆಸೆಯಿರಿ, ಆಟಗಾರನನ್ನು ಉಳಿಸಿಕೊಳ್ಳಿ.

ತದ್ವಿರುದ್ಧ ಉದಾಹರಣೆ ಬೇಕೇ? ವಯೋಮಿಂಗ್‌ನ ಜಾಶ್ ಆ್ಯಲನ್. ಕಾಲೇಜಿನಲ್ಲಿ ಕಂಪ್ಲೀಷನ್ ಶೇ 56ರ ಆಸುಪಾಸು. ಇಷ್ಟು ಕಡಿಮೆ ಇದ್ದವರು ಮೇಲೆ ಹೋಗಿ ನಿಖರತೆ ಕಲಿಯುವುದಿಲ್ಲ ಎಂಬುದು ಅಂದಿನ ಅನಲಿಟಿಕ್ಸ್ ಪಂಡಿತರ ವಾದ. 2018ರಲ್ಲಿ ಏಳನೇ ಆಯ್ಕೆಯಾಗಿ ಬಫಲೊ ಬಿಲ್ಸ್‌ಗೆ ಹೋದ ಅವರು 2020ರಲ್ಲಿ ಶೇ 69ಕ್ಕೆ ಏರಿದರು, 2024ರ ಸೀಸನ್‌ನ ಎಂವಿಪಿ ಆದರು. ಹಾಗೆಂದು ಶೇ 56 ಇರುವ ಪ್ರತಿಯೊಬ್ಬನಲ್ಲೂ ಆ್ಯಲನ್‌ನನ್ನು ಕಾಣಬೇಡಿ. ಪಾದದ ಚಲನೆ ತಿದ್ದಿಕೊಳ್ಳಲು ಅವರು ಪಟ್ಟ ಶ್ರಮ ಎಲ್ಲರ ಕೈಲಾಗುವುದಲ್ಲ. ಇದು ಅಪವಾದ; ಅಪವಾದದ ಮೇಲೆ ಬಾಜಿ ಕಟ್ಟುವಾಗ ಕಾರಣವನ್ನು ಬರೆದಿಡಿ.

ಇನ್ನೊಂದು ಸಣ್ಣ ಬಲೆ: ಕಾಲೇಜ್ ಲೆಕ್ಕದಲ್ಲಿ ಸ್ಯಾಕ್ ಆದಾಗ, ಅಂದರೆ ಪಾಸ್ ಎಸೆಯುವ ಮೊದಲೇ ಎದುರಾಳಿ ಬೀಳಿಸಿದಾಗ, ಕಳೆದುಕೊಂಡ ಗಜಗಳು ಓಟದ ಖಾತೆಯಲ್ಲಿ ಕಳೆಯಲ್ಪಡುತ್ತವೆ. ‘ಈತ ಓಡುವುದೇ ಇಲ್ಲ’ ಎಂದು ಷರಾ ಬರೆಯುವ ಮೊದಲು ಅವನ್ನು ಮರಳಿ ಕೂಡಿಸಿ.

4. ಒತ್ತಡದ ಸ್ನ್ಯಾಪ್‌ಗಳಿಗೆ ಪ್ರತ್ಯೇಕ ಹಾಳೆ ತೆರೆಯಿರಿ

ಆರಾಮವಾಗಿ ನಿಂತು ಎಸೆದ ಪಾಸ್ ಎಲ್ಲರದ್ದೂ ಚೆನ್ನ. ಎದುರಾಳಿ ಮೈಮೇಲೆ ಬಂದಾಗ ಏನು ಮಾಡುತ್ತಾನೆ, ಅದನ್ನಷ್ಟೇ ಎಣಿಸಿ. ಒತ್ತಡ ಬಂದ ಪ್ರತಿ ನೂರು ಸಲದಲ್ಲಿ ಎಷ್ಟು ಸಲ ಸ್ಯಾಕ್ ಆಗುತ್ತಾನೆ? ಈ ಅನುಪಾತ ಕಾಲೇಜಿನಿಂದ ಮೇಲಿನ ಹಂತಕ್ಕೆ ಆಟಗಾರನ ಜೊತೆಯಲ್ಲೇ ಪ್ರಯಾಣ ಮಾಡುವ ಅಂಕಿಗಳಲ್ಲಿ ಒಂದು. ಸ್ಯಾಕ್ ಎಂದರೆ ಲೈನ್‌ಮನ್‌ಗಳ ತಪ್ಪು ಎಂಬುದು ಹಳೆಯ ನಂಬಿಕೆ. ಚೆಂಡನ್ನು ಹಿಡಿದುಕೊಂಡೇ ಇರುವವನು ಎಂಥ ಲೈನ್‌ನ ಹಿಂದೆಯೂ ಬೀಳುತ್ತಾನೆ.

2024ರ ಮೊದಲ ಆಯ್ಕೆ ಕ್ಯಾಲೆಬ್ ವಿಲಿಯಮ್ಸ್ ಯುಎಸ್‌ಸಿಯಲ್ಲಿ ಆಡುವಾಗಲೇ ಚೆಂಡನ್ನು ಬಹಳ ಹೊತ್ತು ಹಿಡಿಯುತ್ತಾರೆ ಎಂಬ ಮಾತಿತ್ತು. ಷಿಕಾಗೊ ಬೇರ್ಸ್ ಜೊತೆ ಮೊದಲ ವರ್ಷ 68 ಸಲ ಸ್ಯಾಕ್ ಆದರು. ಮರುವರ್ಷ ಬೆನ್ ಜಾನ್ಸನ್ ಕೋಚ್ ಆಗಿ ಬಂದ ಮೇಲೆ ಆ ಸಂಖ್ಯೆ ಭಾರೀ ಇಳಿಯಿತು. ದೋಷ ಇತ್ತು, ತಿದ್ದಬಹುದಾದ ದೋಷವಾಗಿತ್ತು. ನಿಮ್ಮ ಹಾಳೆಯಲ್ಲಿ ದೋಷದ ಪಕ್ಕದಲ್ಲೇ ‘ಕಲಿಸಬಹುದೇ?’ ಎಂಬ ಕಾಲಂ ಇರಲಿ. ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ.

5. ಚೆಂಡಿನ ಹಿಂದೆ ಓಡಬೇಡಿ

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ನಿಮ್ಮ ಕಣ್ಣು ಓಡಬಾರದು. ಈ ಒಂದು ಸೂತ್ರಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ, ಏಕೆಂದರೆ ಸ್ಪ್ರೆಡ್‌ಶೀಟ್ ಎಲ್ಲರ ಹತ್ತಿರವೂ ಇದೆ. ನೋಡುವ ಕಣ್ಣು ಎಲ್ಲರಿಗೂ ಇಲ್ಲ.

ಹೈಲೈಟ್ ರೀಲ್ ಮುಟ್ಟಲೇಬೇಡಿ. ನಾಲ್ಕು ಪಂದ್ಯ ಆರಿಸಿ: ಸೀಸನ್‌ನ ಅತ್ಯುತ್ತಮ ಡಿಫೆನ್ಸ್ ಎದುರು ಆಡಿದ್ದು, ಹೀನಾಯವಾಗಿ ಸೋತಿದ್ದು, ಹೊರಗಿನ ಮೈದಾನದ್ದು, ನವೆಂಬರ್‌ನ ಚಳಿಯದ್ದು. ಪೂರ್ತಿ ನೋಡಿ. ಮೈದಾನದ 22 ಆಟಗಾರರೂ ಕಾಣುವ ‘ಆಲ್-22’ ಫಿಲ್ಮ್ ಸಿಕ್ಕರೆ ಬಂಪರ್. ಸಿಗದಿದ್ದರೆ ನೇರಪ್ರಸಾರದ ವಿಡಿಯೊವನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿ. ಫಿಲ್ಮ್ ಸಿಗಲಿಲ್ಲ ಎಂಬ ನೆಪ ಬೇಡ.

ಪ್ರತಿ ಪ್ಲೇಯನ್ನು ಮೂರು ಸಲ ಓಡಿಸಿ. ಮೊದಲ ಸಲ ಹೆಲ್ಮೆಟ್ ಯಾವ ಕಡೆ ತಿರುಗಿದೆ ನೋಡಿ. ಸ್ನ್ಯಾಪ್‌ಗೆ ಮೊದಲು ಎದುರಾಳಿಯ ಹಿಂಬದಿ ಕಾಯುವ ಸೇಫ್ಟಿಗಳು ಎಲ್ಲಿದ್ದರು, ಸ್ನ್ಯಾಪ್ ಆದ ಮೇಲೆ ಎಲ್ಲಿಗೆ ಸರಿದರು, ಇವನು ಅದನ್ನು ಗಮನಿಸಿದನೇ? ಒಂದೇ ರಿಸೀವರ್‌ನನ್ನು ದಿಟ್ಟಿಸಿ ಎಸೆದರೆ ಕೆಂಪು ಗುರುತು. ಕಣ್ಣಿನಿಂದ ಸೇಫ್ಟಿಯನ್ನು ಎಡಕ್ಕೆ ಎಳೆದು ಬಲಕ್ಕೆ ಎಸೆದರೆ ಎರಡು ಹಸಿರು.

ಎರಡನೇ ಸಲ ಪಾದ. ಕಣ್ಣು ಎರಡನೇ ರಿಸೀವರ್ ಕಡೆ ಹೋದಾಗ ಪಾದವೂ ಜೊತೆಗೆ ತಿರುಗುತ್ತದೆಯೇ? ಪಾಕೆಟ್ ಕುಸಿಯುವಾಗ ಮುಂದಕ್ಕೆ ಹೆಜ್ಜೆ ಇಡುತ್ತಾನೋ, ಹೆದರಿ ಹಿಂದಕ್ಕೆ ಜಾರುತ್ತಾನೋ? ಹಿಂದಕ್ಕೆ ಜಾರುವವನ ಎಸೆತ ಮೇಲೆ ತೇಲುತ್ತದೆ. ತೇಲುವ ಚೆಂಡಿಗಾಗಿ ಎನ್‌ಎಫ್‌ಎಲ್ ಸೇಫ್ಟಿಗಳು ಕಾದು ಕೂತಿರುತ್ತಾರೆ.

ಮೂರನೇ ಸಲ ಟೈಮಿಂಗ್. ವಿಡಿಯೊವನ್ನು ಚೆಂಡು ಕೈಬಿಟ್ಟ ಕ್ಷಣಕ್ಕೆ ನಿಲ್ಲಿಸಿ. ರಿಸೀವರ್ ಆಗಲೇ ತಿರುಗಿದ್ದಾನೋ, ಇನ್ನೂ ಓಡುತ್ತಿದ್ದಾನೋ? ಕಾಲೇಜಿನಲ್ಲಿ ರಿಸೀವರ್ ಎದುರಾಳಿಯಿಂದ ಮೂರು ಗಜ ದೂರ ಬಿಡುವಾಗಿ ನಿಂತಿರುತ್ತಾನೆ, ಕಂಡ ಮೇಲೆ ಎಸೆದರೂ ನಡೆಯುತ್ತದೆ. ಮೇಲಿನ ಹಂತದಲ್ಲಿ ಅವನು ತಿರುಗುವ ಮೊದಲೇ ಚೆಂಡು ಹೊರಟಿರಬೇಕು. ಈ ಒಂದು ಫ್ರೇಮ್ ನೋಡಲು ಕಲಿತರೆ ನೀವು ಅರ್ಧ ಸ್ಕೌಟ್ ಆದಂತೆ.

ಮೂರನೇ ಡೌನ್‌ನಲ್ಲಿ ಏಳು ಗಜಕ್ಕಿಂತ ಹೆಚ್ಚು ಬೇಕಿದ್ದಾಗ ಆಡಿದ ಪ್ಲೇಗಳಿಗೆ ಬೇರೆ ಬಣ್ಣ ಕೊಡಿ. ಪಾಸ್ ಬರುತ್ತದೆ ಎಂದು ಎಲ್ಲರಿಗೂ ಗೊತ್ತು, ಮರೆಮಾಚುವುದು ಏನೂ ಇಲ್ಲ. ಎನ್‌ಎಫ್‌ಎಲ್‌ಗೆ ಅತಿ ಹತ್ತಿರದ ಕಾಲೇಜ್ ಪ್ಲೇ ಇದೇ. ನನ್ನನ್ನು ಕೇಳಿದರೆ, ಇಡೀ ಸೀಸನ್‌ನಲ್ಲಿ ಇವಿಷ್ಟನ್ನೇ ನೋಡಿ ಗ್ರೇಡ್ ಕೊಟ್ಟರೂ ಅರ್ಧಕ್ಕರ್ಧ ಟಿವಿ ಪಂಡಿತರಿಗಿಂತ ಮುಂದಿರುತ್ತೀರಿ.

6. ಆಡಿದ ಪಂದ್ಯಗಳನ್ನು ಎಣಿಸಿ

ಅನುಭವಕ್ಕೆ ಅಂಕ ಕೊಡಿ. ಹೆಸರಾಂತ ಕೋಚ್ ಬಿಲ್ ಪಾರ್ಸೆಲ್ಸ್ ಕ್ವಾರ್ಟರ್‌ಬ್ಯಾಕ್ ಎಂದರೆ ಕೊನೇ ವರ್ಷದ ವಿದ್ಯಾರ್ಥಿಯಾಗಿರಬೇಕು, ಪದವಿ ಮುಗಿಸಿರಬೇಕು, ಮೂರು ವರ್ಷ ಸ್ಟಾರ್ಟರ್ ಆಗಿರಬೇಕು, 23 ಪಂದ್ಯ ಗೆದ್ದಿರಬೇಕು ಎನ್ನುತ್ತಿದ್ದರು. ಕಟ್ಟುನಿಟ್ಟು ಜಾಸ್ತಿಯಾಯಿತು ಅನ್ನಿಸಬಹುದು. ಪಟ್ಟಿ ನೋಡಿ: 2017ರಲ್ಲಿ ಎರಡನೇ ಆಯ್ಕೆಯಾದ ಮಿಚ್ ಟ್ರುಬಿಸ್ಕಿ ಕಾಲೇಜಿನಲ್ಲಿ ಸ್ಟಾರ್ಟ್ ಮಾಡಿದ್ದು 13 ಪಂದ್ಯ. 2021ರ ಮೂರನೇ ಆಯ್ಕೆ ಟ್ರೇ ಲ್ಯಾನ್ಸ್ 17. 2023ರ ನಾಲ್ಕನೇ ಆಯ್ಕೆ ಆಂಥನಿ ರಿಚರ್ಡ್‌ಸನ್ 13. ಮೂವರೂ ತಮ್ಮನ್ನು ಆರಿಸಿದ ತಂಡದ ನಿರೀಕ್ಷೆ ಮುಟ್ಟಲಿಲ್ಲ. ಇನ್ನೊಂದು ಕಡೆ ಬೋ ನಿಕ್ಸ್ 61, ಜೇಡನ್ ಡೇನಿಯಲ್ಸ್ 55. ಇಬ್ಬರೂ 2024ರಲ್ಲಿ ಮೊದಲ ವರ್ಷವೇ ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದರು.

ಕಾಲೇಜ್ ಬದಲಿಸಲು ದಾರಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ, 2021ರಿಂದ ಕಾಲೇಜ್ ಆಟಗಾರರಿಗೆ ತಮ್ಮ ಹೆಸರಿನಲ್ಲಿ ಹಣ ಗಳಿಸಲು ಅವಕಾಶ ಸಿಕ್ಕ ಮೇಲೆ, ಹುಡುಗರು ಹೆಚ್ಚು ವರ್ಷ ಕಾಲೇಜಿನಲ್ಲೇ ಉಳಿಯುತ್ತಿದ್ದಾರೆ. ಹಾಗಾಗಿ ಪಂದ್ಯಗಳ ಜೊತೆ ವಯಸ್ಸನ್ನೂ ನೋಡಿ. 24ರ ಹರೆಯದವನು 19ರವರ ಎದುರು ಮಿಂಚಿದರೆ ಅದರಲ್ಲಿ ಅಚ್ಚರಿ ಏನಿದೆ? 2012ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ 28 ವರ್ಷದ ಬ್ರಾಂಡನ್ ವೀಡನ್ ಅವರನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಂಡಿತು. ಎರಡು ಸೀಸನ್ ಕಳೆಯುವಷ್ಟರಲ್ಲಿ ಆ ಅಧ್ಯಾಯ ಮುಗಿದಿತ್ತು.

7. ಅಳತೆ ಟೇಪನ್ನು ಹಿಡಿಯಿರಿ, ಪೂಜಿಸಬೇಡಿ

ಡ್ರಾಫ್ಟ್‌ಗೆ ಮೊದಲು ನಡೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಎತ್ತರ, ತೂಕ, ಕೈಯ ಅಗಲ, 40 ಗಜದ ಓಟ ಎಲ್ಲವನ್ನೂ ಅಳೆಯುತ್ತಾರೆ. 2000ದ ಕಂಬೈನ್‌ನಲ್ಲಿ ಟಾಮ್ ಬ್ರೇಡಿ ಆ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು. ಡ್ರಾಫ್ಟ್‌ನಲ್ಲಿ ಆರನೇ ಸುತ್ತಿನವರೆಗೆ ಯಾರೂ ಮುಟ್ಟಲಿಲ್ಲ, 199ನೇ ಆಯ್ಕೆ. ಏಳು ಸೂಪರ್ ಬೌಲ್ ಗೆದ್ದ ಮನುಷ್ಯ! ಸುಳಿವು ಇರಲಿಲ್ಲವೇ? ಇತ್ತು. ಅದೇ ವರ್ಷ ಜನವರಿಯ ಆರೆಂಜ್ ಬೌಲ್‌ನಲ್ಲಿ ಅಲಬಾಮಾ ಎದುರು ಹಿಂದೆ ಬಿದ್ದಿದ್ದ ಮಿಷಿಗನ್ ತಂಡವನ್ನು ಮೇಲೆತ್ತಿ 369 ಗಜ, ನಾಲ್ಕು ಟಚ್‌ಡೌನ್ ಪಾಸ್‌ನೊಂದಿಗೆ ಓವರ್‌ಟೈಮ್‌ನಲ್ಲಿ 35-34ರಿಂದ ಗೆಲ್ಲಿಸಿದ್ದರು. ಟೇಪು ಹಿಡಿದವರು ಆ ಪಂದ್ಯ ಮರೆತರು.

ಆರಡಿಗಿಂತ ಕುಳ್ಳಗಿದ್ದ ರಸಲ್ ವಿಲ್ಸನ್ 2012ರಲ್ಲಿ 75ನೆಯವರಾಗಿ ಆಯ್ಕೆಯಾಗಿ ಎರಡನೇ ವರ್ಷವೇ ಸಿಯಾಟಲ್‌ಗೆ ಸೂಪರ್ ಬೌಲ್ ತಂದರು. ಒಂಬತ್ತು ಇಂಚಿನ ಕೈ ಸಣ್ಣದಾಯಿತು ಎಂದು ಜೋ ಬರೋ ಬಗ್ಗೆ ಎದ್ದ ಗುಲ್ಲು ಈಗ ನಗೆಚಾಟಿಕೆ. 12 ನಿಮಿಷಕ್ಕೆ 50 ಪ್ರಶ್ನೆಗಳ ವಂಡರ್ಲಿಕ್ ಪರೀಕ್ಷೆಯನ್ನು 2022ರಲ್ಲಿ ಲೀಗೇ ಕಂಬೈನ್‌ನಿಂದ ಕೈಬಿಟ್ಟಿತು. ಮರುವರ್ಷ ಎಸ್2 ಎಂಬ ಇನ್ನೊಂದು ಪರೀಕ್ಷೆಯಲ್ಲಿ ಸಿ.ಜೆ. ಸ್ಟ್ರೌಡ್ ಹಿಂದೆ ಬಿದ್ದರೆಂದು ಸುದ್ದಿ ಸೋರಿತು. ಆ ವರ್ಷದ ಆಫೆನ್ಸಿವ್ ರೂಕಿ ಪ್ರಶಸ್ತಿ ಅವರಿಗೇ ಬಂತು. ಒಂದೇ ಅಳತೆ ಒಬ್ಬನನ್ನು ಎತ್ತುವಂತಿಲ್ಲ, ಬೀಳಿಸುವಂತಿಲ್ಲ. ಫಿಲ್ಮ್‌ನಲ್ಲಿ ಕಂಡ ಪ್ರಶ್ನೆಗೆ ಅಳತೆ ಉತ್ತರ ಕೊಟ್ಟರೆ ಮಾತ್ರ ಬರೆದುಕೊಳ್ಳಿ.

8. ಪ್ರೋ ಡೇ ಎಸೆತಕ್ಕೆ ಚಪ್ಪಾಳೆ ಹೊಡೆಯಿರಿ, ಗ್ರೇಡ್ ಬದಲಿಸಬೇಡಿ

ಪ್ರೋ ಡೇ ಎಂದರೆ ಕಾಲೇಜಿನಲ್ಲೇ ಸ್ಕೌಟ್‌ಗಳ ಮುಂದೆ ನಡೆಯುವ ಪ್ರದರ್ಶನ: ಎದುರಾಳಿಯೇ ಇಲ್ಲದ ಮೈದಾನ, ಪರಿಚಯದ ರಿಸೀವರ್‌ಗಳು, ಮೊದಲೇ ಅಭ್ಯಾಸ ಮಾಡಿದ ಎಸೆತಗಳು. 2021ರಲ್ಲಿ ಬಿವೈಯು ಪ್ರೋ ಡೇಯಲ್ಲಿ ಓಡುತ್ತಲೇ ಮೈದಾನದ ಅಡ್ಡಕ್ಕೆ ಝ್ಯಾಕ್ ವಿಲ್ಸನ್ ಎಸೆದ ಉದ್ದನೆಯ ಚೆಂಡು ಎಲ್ಲೆಡೆ ಹರಿದಾಡಿತು. ನ್ಯೂಯಾರ್ಕ್ ಜೆಟ್ಸ್ ಅವರನ್ನು ಎರಡನೆಯವರಾಗಿ ಆರಿಸಿತು, ಮೂರು ವರ್ಷಕ್ಕೆ ಕೈಬಿಟ್ಟಿತು. ಅಷ್ಟೇ ವಿಷಯ. ಮುಂದೆ ಹೋಗಿ.

9. ಸುತ್ತಲಿನವರನ್ನು ಕಳೆಯಿರಿ

2019ರ ಎಲ್‌ಎಸ್‌ಯು ತಂಡದಲ್ಲಿ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದರು, ತಂಡ 15 ಪಂದ್ಯ ಆಡಿ 15ನ್ನೂ ಗೆದ್ದಿತು. ಚೆಂಡು ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಇದ್ದರು. ಹಿಂದಿನ ವರ್ಷ ಬರೋ ಎಸೆದದ್ದು 16 ಮಾತ್ರ. ಹಾಗಾದರೆ ಸಾಧನೆ ಯಾರದು? ಇಲ್ಲಿ ಫಿಲ್ಮ್ ಕೈಹಿಡಿಯುತ್ತದೆ. ಎದುರಾಳಿ ಅಂಟಿಕೊಂಡೇ ಇದ್ದಾಗಲೂ ರಿಸೀವರ್‌ನ ಹೊರಭುಜಕ್ಕೆ ಸರಿಯಾಗಿ ಬಂದ ಚೆಂಡುಗಳನ್ನು ಎಣಿಸಿ. ಬರೋ ಆ ಲೆಕ್ಕದಲ್ಲಿ ಪಾಸಾದರು. ಮರುವರ್ಷ ಅಲಬಾಮಾದಲ್ಲಿ ಮ್ಯಾಕ್ ಜೋನ್ಸ್‌ಗೆ ಕಾಲೇಜಿನ ಅತ್ಯುತ್ತಮ ಆಟಗಾರನ ಹೈಸ್‌ಮನ್ ಪ್ರಶಸ್ತಿ ಗೆದ್ದ ಡೆವಾಂಟಾ ಸ್ಮಿತ್ ಜೊತೆಗಿದ್ದರು, ಮುಂದೆ ನಿಲ್ಲಲು ದೇಶದ ಅತ್ಯುತ್ತಮ ಲೈನ್ ಇತ್ತು. ಅಲ್ಲಿ ಸಂಖ್ಯೆ ಎಷ್ಟು ಚೆಂದವೋ, ಕ್ವಾರ್ಟರ್‌ಬ್ಯಾಕ್‌ನ ಸ್ವಂತ ಪಾಲು ಬಿಡಿಸುವುದು ಅಷ್ಟು ಕಷ್ಟವಾಗಿತ್ತು. ಬಿಡಿಸಲಾಗದಿದ್ದರೆ ಗ್ರೇಡ್ ಇಳಿಸಿ. ಸಂಕೋಚ ಬೇಡ.

10. ಬಿದ್ದಾಗ ಏನು ಮಾಡಿದ ಎಂದು ಹುಡುಕಿ

ತಂಡಗಳು ಸಂದರ್ಶನದಲ್ಲಿ ವೈಟ್‌ಬೋರ್ಡ್ ಮುಂದೆ ನಿಲ್ಲಿಸಿ, ‘ಈ ಇಂಟರ್‌ಸೆಪ್ಷನ್ ಯಾಕಾಯಿತು ಬಿಡಿಸಿ ತೋರಿಸು’ ಎನ್ನುತ್ತವೆ. ಹೊರಗಿರುವ ನಿಮಗೆ ಆ ಕೋಣೆ ಸಿಗದು. ಆದರೆ ವೃತ್ತಾಂತ ಸಿಗುತ್ತದೆ. 2018ರ ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದ ನಡುವಿರಾಮದಲ್ಲಿ ಅಲಬಾಮಾ ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ ಇನ್ನೊಬ್ಬರನ್ನು ಇಳಿಸಿತು. ಇಡೀ ದೇಶ ನೋಡಿತು. ಅವರು ಮುಂದಿನ ಸೀಸನ್ ಪೂರ್ತಿ ಅಲ್ಲೇ ಬದಲಿ ಆಟಗಾರನಾಗಿ ಉಳಿದು, ಒಕ್ಲಹೋಮಾಗೆ ಹೋಗಿ, ಹೈಸ್‌ಮನ್ ಮತಗಳಲ್ಲಿ ಎರಡನೆಯವರಾದರು. 2020ರಲ್ಲಿ 53ನೇ ಆಯ್ಕೆ. 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೂಪರ್ ಬೌಲ್ ಗೆದ್ದಾಗ ಆ ಪಂದ್ಯದ ಎಂವಿಪಿ ಅವರೇ. ಗಾಳಿಮಾತು ಬರೆದುಕೊಳ್ಳಬೇಡಿ, ನಡೆದದ್ದನ್ನು ಬರೆದುಕೊಳ್ಳಿ.

11. ಆಟಗಾರನಿಗೊಂದು ಗ್ರೇಡ್, ಹೋಗುವ ಮನೆಗೊಂದು ಗ್ರೇಡ್

ಇವೆರಡನ್ನು ಕಲಸಬೇಡಿ. ಮಹೋಮ್ಸ್ ಅವರಿಗಾಗಿ ಕನ್ಸಾಸ್ ಸಿಟಿ 27ರಿಂದ 10ಕ್ಕೆ ಏರಿ ಬಂತು. ಬಂದ ಮೇಲೆ ಅಲೆಕ್ಸ್ ಸ್ಮಿತ್ ಅವರ ಹಿಂದೆ ಒಂದು ವರ್ಷ ಕೂರಿಸಿ, ಕೋಚ್ ಆ್ಯಂಡಿ ರೀಡ್ ಕೈಲಿ ಕಲಿಸಿತು. ಮರುವರ್ಷ 50 ಟಚ್‌ಡೌನ್ ಪಾಸ್, ಎಂವಿಪಿ. 2018ರ ಹತ್ತನೇ ಆಯ್ಕೆ ಜಾಶ್ ರೋಸೆನ್ ಅರಿಜೋನಾಗೆ ಹೋದರು. ಒಂದೇ ವರ್ಷದಲ್ಲಿ ಕೋಚ್ ವಜಾ, ಹೊಸ ಕೋಚ್ ಬಂದು ಕೈಲರ್ ಮರ್ರೆ ಅವರನ್ನು ಆರಿಸಿದರು, ರೋಸೆನ್ ಬೇರೆ ಊರಿಗೆ ಗಂಟು ಕಟ್ಟಿದರು. ಅದೇ 2018ರ ಮೂರನೇ ಆಯ್ಕೆ ಸ್ಯಾಮ್ ಡಾರ್ನಾಲ್ಡ್ ಜೆಟ್ಸ್‌ನಲ್ಲಿ ಸೋತು, ತಂಡದಿಂದ ತಂಡಕ್ಕೆ ಅಲೆದು, 2024ರಲ್ಲಿ ಮಿನೆಸೋಟಾ ಜೊತೆ 14 ಪಂದ್ಯ ಗೆದ್ದರು. ಆರು ವರ್ಷದ ಹಿಂದಿನ ಸ್ಕೌಟಿಂಗ್ ವರದಿ ತಪ್ಪಾಗಿತ್ತೇ? ವರದಿ ಸರಿ ಇತ್ತು, ಮನೆ ಸರಿ ಇರಲಿಲ್ಲ. ಪ್ರತಿ ಆಟಗಾರನ ಹೆಸರಿನ ಕೆಳಗೆ ‘ಇವನಿಗೆ ಏನು ಬೇಕು?’ ಎಂದು ಎರಡು ಸಾಲು ಬರೆಯಿರಿ: ಯಾವ ಪದ್ಧತಿ, ಎಂಥ ಲೈನ್, ಎಷ್ಟು ಕಾಯುವ ಕಾಲ.

12. ಬೆಲೆ ಹಾಕಿ, ಬರೆದಿಡಿ, ಬೀಗ ಹಾಕಿ

‘ಚೆನ್ನಾಗಿದ್ದಾನೆ’ ಎಂಬುದು ಅರ್ಧ ಉತ್ತರ. ಎಷ್ಟು ಕೊಟ್ಟರೆ ಚೆನ್ನ? 2010ರಲ್ಲಿ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫೋರ್ಡ್ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡರು. ಮರುವರ್ಷ ಲೀಗ್ ಮತ್ತು ಆಟಗಾರರ ನಡುವೆ ಹೊಸ ಒಪ್ಪಂದ ಬಂದು ರೂಕಿಗಳ ಸಂಬಳಕ್ಕೆ ಕಡಿವಾಣ ಬಿತ್ತು. ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 22 ಮಿಲಿಯನ್. ಅಲ್ಲಿಂದೀಚೆಗೆ ತಪ್ಪು ಕ್ವಾರ್ಟರ್‌ಬ್ಯಾಕ್‌ಗೆ ತಂಡಗಳು ತೆರುವ ನಿಜವಾದ ಬೆಲೆ ಡಾಲರ್‌ಗಿಂತ ಹೆಚ್ಚಾಗಿ ಡ್ರಾಫ್ಟ್ ಆಯ್ಕೆಗಳಲ್ಲಿದೆ. ಟ್ರುಬಿಸ್ಕಿಗಾಗಿ ಬೇರ್ಸ್ ಮೂರರಿಂದ ಎರಡಕ್ಕೆ, ಒಂದೇ ಒಂದು ಮೆಟ್ಟಿಲು ಏರಲು, ಇನ್ನೂ ಮೂರು ಆಯ್ಕೆಗಳನ್ನು ಬಿಟ್ಟುಕೊಟ್ಟಿತು. ಲ್ಯಾನ್ಸ್‌ಗಾಗಿ 49ಅರ್ಸ್ ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟಿತು. ಅವರು ಆ ತಂಡಕ್ಕೆ ಸ್ಟಾರ್ಟ್ ಮಾಡಿದ್ದು ನಾಲ್ಕು ಪಂದ್ಯ. ಅದೇ ತಂಡ 2022ರಲ್ಲಿ ಕಟ್ಟಕಡೆಯ, 262ನೇ ಆಯ್ಕೆಯಲ್ಲಿ ತೆಗೆದುಕೊಂಡ ಬ್ರಾಕ್ ಪರ್ಡಿ ಎರಡನೇ ವರ್ಷ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಅಯೋವಾ ಸ್ಟೇಟ್‌ನಲ್ಲಿ ಪರ್ಡಿ ಸ್ಟಾರ್ಟ್ ಮಾಡಿದ್ದ ಪಂದ್ಯಗಳು 46. ಆರನೇ ಸೂತ್ರದ ಹಾಳೆ ತೆರೆದು ನೋಡಿ.

ಕೇಡ್ ಮಾಸಿ ಮತ್ತು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಡ್ರಾಫ್ಟನ್ನೇ ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನೇ ತನ್ನ ನಂತರದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನಾಣ್ಯ ಚಿಮ್ಮಿದ್ದಕ್ಕಿಂತ ತುಸುವೇ ಹೆಚ್ಚು ಎಂದು ಕಂಡುಕೊಂಡರು. ಇದನ್ನು ಓದಿ ಕೈಚೆಲ್ಲಬೇಡಿ. ವೃತ್ತಿಪರರೇ ಇಷ್ಟು ಹತ್ತಿರದಲ್ಲಿ ತಡಕಾಡುತ್ತಿದ್ದಾರೆ ಎಂದರೆ ಶ್ರಮಪಡುವ ಹೊಸಬರಿಗೆ ಜಾಗ ಇದೆ ಎಂದೇ ಅರ್ಥ. ‘ಇವನು ಗ್ಯಾರಂಟಿ’ ಎಂದೂ ಬರೆಯಬೇಡಿ, ‘ಹೇಳಲಾಗದು’ ಎಂದೂ ಬರೆಯಬೇಡಿ. ‘ಐದು ವರ್ಷದಲ್ಲಿ ನಿಲ್ಲುವ ಸ್ಟಾರ್ಟರ್ ಆಗುವ ಸಾಧ್ಯತೆ ಶೇ 60’ ಎಂದು ಬರೆಯಿರಿ. ಅನುಮಾನವನ್ನು ಸಂಖ್ಯೆಗೆ ಇಳಿಸಿದರೆ ಅದು ಕಾಡುವುದನ್ನು ಬಿಟ್ಟು ಕೆಲಸ ಮಾಡತೊಡಗುತ್ತದೆ.

ಡ್ರಾಫ್ಟ್ ಗುರುವಾರ ರಾತ್ರಿ ನ್ಯೂಯಾರ್ಕ್ ಸಮಯ 8ಕ್ಕೆ ಶುರು. ಭಾರತದಲ್ಲಿ ಶುಕ್ರವಾರ ಬೆಳಗಿನ 5.30. ಅದರ ಹಿಂದಿನ ದಿನವೇ ಫೈಲ್‌ಗೆ ದಿನಾಂಕ ಹಾಕಿ, ಇನ್ನೊಬ್ಬರಿಗೆ ಇಮೇಲ್ ಮಾಡಿ. ಆಮೇಲೆ ಒಂದಕ್ಷರ ತಿದ್ದುವಂತಿಲ್ಲ. 2025ರಲ್ಲಿ ಮೊದಲ ಸುತ್ತಿನವರು ಎಂದು ಮಾತಾಗಿದ್ದ ಶಡೂರ್ ಸ್ಯಾಂಡರ್ಸ್ 144ಕ್ಕೆ ಜಾರಿದಾಗ ಎಷ್ಟು ಮಂದಿ ‘ನನಗೆ ಮೊದಲೇ ಗೊತ್ತಿತ್ತು’ ಎಂದರು! ಗೊತ್ತಿದ್ದವರ ಹತ್ತಿರ ದಿನಾಂಕ ಇರುವ ಕಾಗದ ಇರಬೇಕು.

ಐದು ವರ್ಷ ತುಂಬಿದಾಗ ಆ ಫೈಲ್ ತೆರೆಯಿರಿ. ನೀವು ಶೇ 60 ಎಂದು ಬರೆದ ಹತ್ತು ಮಂದಿಯಲ್ಲಿ ಆರು ಜನ ನಿಂತಿದ್ದಾರೆಯೇ ಎಣಿಸಿ. ಒಂಬತ್ತು ಜನ ನಿಂತಿದ್ದರೆ ನೀವು ಅತಿ ಜಿಪುಣರು, ಮುಂದಿನ ಸಲ ಕೈ ಬಿಚ್ಚಿ ಅಂಕ ಕೊಡಿ. ಮೂರೇ ಜನ ನಿಂತಿದ್ದರೆ ಐದನೇ ಸೂತ್ರಕ್ಕೆ ಮರಳಿ, ಆ ಏಳು ಮಂದಿಯ ಮೂರನೇ ಡೌನ್ ಪ್ಲೇಗಳನ್ನು ಮತ್ತೆ ಓಡಿಸಿ.